ಉದಕಮಂಡಲದ ಹಸಿರು ಮೇಜು

ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರ ದಾಟಿ ಊಟಿಗೆ ಹೋಗುವ ರಸ್ತೆ ತೆಪ್ಪಕಾಡಿನಲ್ಲಿ ಎರಡಾಗಿ ಕವಲೊಡೆಯುತ್ತದೆ. ಗೂಡಲೂರಿನ ಕಡೆಯದು ಸುತ್ತು ದಾರಿ, ಆದರೆ ಸಲೀಸು. ಮಸಿನಗುಡಿಯ ಕಡೆಯದು ಹತ್ತಿರ, ಆದರೆ ಕಡಿದು. ಕಲ್ಲಟ್ಟಿ ಘಾಟಿಯ ಈ ಎರಡನೆಯ ದಾರಿಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ಪಳಗಿದ ಚಾಲಕ ಒಂದು ತಿರುವು ಮುಗಿಸುವಾಗಲೇ ಮುಂದಿನ ತಿರುವಿಗೆ ಗಾಡಿ ರಸ್ತೆಯ ಯಾವ ಬದಿಯಲ್ಲಿರಬೇಕು ಎಂಬುದನ್ನು ಲೆಕ್ಕ ಹಾಕಿಕೊಂಡಿರುತ್ತಾನೆ. ಹಾಗೆ ಮಾಡದವನು ನಡುದಾರಿಯಲ್ಲಿ ನಿಂತು ಹಿಂದೆ ಮುಂದೆ ಜಗ್ಗಾಡಬೇಕಾಗುತ್ತದೆ.

ಈ ಘಾಟಿಯ ತುದಿಯಲ್ಲಿರುವ ಊರಿನಲ್ಲೇ ಅಂಥದ್ದೇ ಮುಂದಾಲೋಚನೆ ಬೇಡುವ ಆಟವೊಂದು ತನ್ನ ನಿಯಮಗಳನ್ನು ಪಡೆಯಿತು ಎಂಬುದು ಊಟಿಗೆ ಹೋಗಿ ಬರುವ ಎಷ್ಟೋ ಮಂದಿಗೆ ಗೊತ್ತಿಲ್ಲ. ಸರೋವರದಲ್ಲಿ ದೋಣಿ, ಸಸ್ಯೋದ್ಯಾನದಲ್ಲಿ ಫೋಟೊ, ಹಿಂದಿರುಗುವಾಗ ವರ್ಕಿ ಮತ್ತು ಚಹಾಪುಡಿ, ಇಷ್ಟರಲ್ಲಿ ಪ್ರವಾಸ ಮುಗಿದುಬಿಡುತ್ತದೆ. ಕ್ಲಬ್ ಹಿಲ್ ಎಂಬ ದಿಬ್ಬದ ಮೇಲಿನ ಬಿಳಿಯ ಕಂಬಗಳ ಕಟ್ಟಡದತ್ತ ಯಾರೂ ತಿರುಗಿ ನೋಡುವುದಿಲ್ಲ. 1830ರ ದಶಕದ ಆರಂಭದಲ್ಲಿ ಸರ್ ವಿಲಿಯಂ ರಂಬೋಲ್ಡ್ ಕಟ್ಟಿಸಿದ ಈ ಕಟ್ಟಡ ಮುಂದಿನ ದಶಕದಲ್ಲಿ ಊಟಕಮಂಡ್ ಕ್ಲಬ್ ಆಯಿತು. ಸ್ನೂಕರ್ ಆಟದ ನಿಯಮಗಳನ್ನು ಬರೆದು ತೂಗುಹಾಕಿದ್ದು 1882ರಲ್ಲಿ, ಇಲ್ಲಿನ ಬಿಲಿಯರ್ಡ್ಸ್ ಕೋಣೆಯಲ್ಲಿ.

ಆಟದ ಮೂಲ ಕಲ್ಪನೆ ಮಾತ್ರ ಇನ್ನೂ ಹಿಂದಿನದು. 1875ರಲ್ಲಿ ಜಬಲ್ಪುರದ ಸೇನಾ ಮೆಸ್ಸಿನಲ್ಲಿ ಮಳೆಗಾಲದ ಬೇಸರ ಕಳೆಯಲು ಡೆವನ್‌ಷೈರ್ ರೆಜಿಮೆಂಟಿನ ಅಧಿಕಾರಿಗಳು ಪೂಲ್ ಆಡುತ್ತಿದ್ದರು. ಕೆಂಪು ಚೆಂಡುಗಳ ಜೊತೆ ಕಪ್ಪು ಚೆಂಡು ಒಂದಿತ್ತು. ಅದಕ್ಕೆ ಬೇರೆ ಬೇರೆ ಬಣ್ಣದ ಚೆಂಡುಗಳನ್ನೂ ಸೇರಿಸಿದವನು ನೆವಿಲ್ ಚೇಂಬರ್ಲೇನ್ ಎಂಬ ಯುವಕ. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಚೇಂಬರ್ಲೇನ್ ಬೇರೆ, ಈತ ಬೇರೆ. ವುಲಿಚ್‌ನ ಸೇನಾ ಅಕಾಡೆಮಿಯಲ್ಲಿ ಮೊದಲ ವರ್ಷದ ಹುಡುಗರನ್ನು ‘ಸ್ನೂಕರ್’ ಎಂದು ಗೇಲಿ ಮಾಡುತ್ತಿದ್ದರಂತೆ. ಸುಲಭದ ಚೆಂಡೊಂದನ್ನು ತಪ್ಪಿಸಿದ ಜೊತೆಗಾರನಿಗೆ ಚೇಂಬರ್ಲೇನ್ ಆ ಪದ ಅಂಟಿಸಿದ. ಈ ಹೊಸ ಆಟದಲ್ಲಿ ನಾವೆಲ್ಲರೂ ಸ್ನೂಕರ್‌ಗಳೇ ಎಂದು ಸಮಾಧಾನವನ್ನೂ ಹೇಳಿದ. ಆಟಕ್ಕೆ ಅದೇ ಹೆಸರಾಯಿತು. ಮುಂದೆ ಈತ ಜನರಲ್ ರಾಬರ್ಟ್ಸ್‌ನ ಸಿಬ್ಬಂದಿಯಾಗಿ ಊಟಿಗೆ ಬಂದ. ಮದ್ರಾಸ್ ಸರ್ಕಾರವೇ ಬೇಸಿಗೆಯಲ್ಲಿ ಬೆಟ್ಟ ಏರುತ್ತಿದ್ದ ಕಾಲ ಅದು. ಬಿಡುವಿಗೆ ಬರವಿರಲಿಲ್ಲ.

ಆಗಿನ ಬಿಲಿಯರ್ಡ್ಸ್ ಚೆಂಡುಗಳು ದಂತದವು ಎಂಬುದನ್ನು ಇಲ್ಲಿ ನೆನೆಯಬೇಕು. ಒಂದು ದಂತದಿಂದ ದೊರೆಯುತ್ತಿದ್ದುದು ಬೆರಳೆಣಿಕೆಯಷ್ಟೇ ಚೆಂಡುಗಳು. ಸ್ನೂಕರಿಗೆ ಬೇಕಾದುದು 22. ಬಂಡೀಪುರ, ಮುದುಮಲೆಗಳಲ್ಲಿ ರಸ್ತೆ ದಾಟುವ ಆನೆಗಳನ್ನು ಕಂಡು ಬಂದವರಿಗೆ ಈ ಲೆಕ್ಕ ಹಿತವೆನಿಸದು. ದಂತ ತೇವ ಹೀರಿ ಆಕಾರ ಕೆಡುವ ವಸ್ತು ಬೇರೆ. ಊಟಿಯ ಮಂಜಿನಲ್ಲಿ ಮೇಜಿನ ಉಣ್ಣೆಬಟ್ಟೆಯೂ ಭಾರವಾಗುತ್ತದೆ, ಚೆಂಡು ನಿಧಾನವಾಗಿ ಉರುಳುತ್ತದೆ. ಇಂದಿನ ದೊಡ್ಡ ಪಂದ್ಯಗಳಲ್ಲಿ ಬಟ್ಟೆಯ ಕೆಳಗಿನ ಕಲ್ಲುಹಾಸನ್ನು ವಿದ್ಯುತ್ತಿನಿಂದ ಬಿಸಿ ಮಾಡಿಡುವುದು ಇದೇ ಕಾರಣಕ್ಕೆ. ಎಷ್ಟು ಬಲದಿಂದ ಹೊಡೆದರೆ ಎಲ್ಲಿ ನಿಲ್ಲುತ್ತದೆ ಎಂಬ ಅಂದಾಜು ದಿನದಿನಕ್ಕೂ ಬದಲಾಗುವ ಮೇಜಿನಲ್ಲಿ ಆಟಗಾರನ ಪಾಡು ಕಷ್ಟ.

ಏಕೆಂದರೆ ಈ ಆಟವಿರುವುದೇ ಆ ಅಂದಾಜಿನಲ್ಲಿ. ಹನ್ನೆರಡು ಅಡಿ ಉದ್ದ, ಆರು ಅಡಿ ಅಗಲದ ಮೇಜು. 15 ಕೆಂಪು ಚೆಂಡು, ಒಂದೊಂದಕ್ಕೆ ಒಂದು ಅಂಕ. ಹಳದಿಗೆ 2, ಹಸಿರಿಗೆ 3, ಕಂದಿಗೆ 4, ನೀಲಿಗೆ 5, ಗುಲಾಬಿಗೆ 6, ಕಪ್ಪಿಗೆ 7. ಮೊದಲು ಕೆಂಪು, ಆಮೇಲೆ ಬಣ್ಣ, ಮತ್ತೆ ಕೆಂಪು. ಕೆಂಪು ಮುಗಿಯುವವರೆಗೂ ಬಣ್ಣದ ಚೆಂಡುಗಳನ್ನು ಮೇಜಿಗೆ ಹಿಂದಿರುಗಿಸುತ್ತಾರೆ. ಹೊಸದಾಗಿ ನೋಡುವವರ ಕಣ್ಣು ಪಾಕೆಟ್ಟಿಗೆ ಬೀಳುವ ಚೆಂಡಿನ ಮೇಲಿರುತ್ತದೆ. ಬಲ್ಲವರು ನೋಡುವುದು ಬಿಳಿಯ ಚೆಂಡು ಎಲ್ಲಿ ಹೋಗಿ ನಿಲ್ಲುತ್ತದೆ ಎಂಬುದನ್ನು. ಕ್ಯೂ ಕೋಲಿನ ತುದಿ ಅದರ ಕೆಳಭಾಗಕ್ಕೆ ತಾಗಿದರೆ ಅದು ಹಿಂದಕ್ಕೆ ಬರುತ್ತದೆ, ಮೇಲ್ಭಾಗಕ್ಕೆ ತಾಗಿದರೆ ಮುಂದಕ್ಕೆ ಹೋಗುತ್ತದೆ.

ಇಲ್ಲೊಂದು ಸ್ವಾರಸ್ಯವಿದೆ. ಬಿಳಿ ಚೆಂಡು, ಕೆಂಪು ಚೆಂಡು, ಪಾಕೆಟ್ಟು ಮೂರೂ ಒಂದೇ ಗೆರೆಯಲ್ಲಿದ್ದರೆ ಅದೇ ಅತಿ ಸುಲಭದ ಹೊಡೆತ ಎಂದು ಯಾರಿಗಾದರೂ ಅನ್ನಿಸುತ್ತದೆ. ಪಕ್ಕಾ ಆಟಗಾರ ಆ ಸ್ಥಿತಿಯನ್ನು ಬಯಸುವುದಿಲ್ಲ. ನೇರ ಹೊಡೆತದಲ್ಲಿ ಬಿಳಿ ಚೆಂಡಿಗೆ ಅದೇ ಗೆರೆಯ ಮೇಲೆ ಹಿಂದೆ ಮುಂದೆ ಹೋಗುವುದನ್ನು ಬಿಟ್ಟರೆ ಬೇರೆ ದಾರಿಯಿಲ್ಲ. ತುಸು ಓರೆಯಾಗಿದ್ದರೆ ಮೇಜಿನ ಮೂಲೆ ಮೂಲೆಗೂ ದಾರಿ ತೆರೆಯುತ್ತದೆ. ಆದ್ದರಿಂದ ಮೊದಲ ಚೆಂಡನ್ನು ಹೊಡೆಯುವಾಗ ಎರಡನೆಯದಕ್ಕೆ ಹೋಗುವುದಷ್ಟೇ ಸಾಲದು. ಎರಡನೆಯದರಿಂದ ಮೂರನೆಯದಕ್ಕೆ ಹೋಗಲು ಯಾವ ಬದಿಯಲ್ಲಿ ನಿಲ್ಲಬೇಕೋ ಆ ಬದಿಗೇ ಹೋಗಬೇಕು. ಕಡೇ ಪಕ್ಷ ಮೂರು ಚೆಂಡು ಮುಂದಿನ ಲೆಕ್ಕ.

ಸಣ್ಣ ಮೇಜಿನ ಪೂಲ್ ಆಟದಲ್ಲಿ ಈ ಲೆಕ್ಕ ಹಿಂದಿನಿಂದ ಮುಂದಕ್ಕೆ ಬರುತ್ತದೆ. ಎಂಟು ಚೆಂಡಿನ ಆಟದಲ್ಲಿ ತನ್ನ ಪಾಲಿನ ಏಳು ಚೆಂಡು ಮುಗಿದ ಮೇಲೆಯೇ ಎಂಟನೆಯ ನಂಬರಿನ ಕಪ್ಪು ಚೆಂಡು. ಹಾಗಾಗಿ ಕಪ್ಪು ಯಾವ ಪಾಕೆಟ್ಟಿಗೆ, ಅದಕ್ಕೆ ಮುಂಚಿನದು ಯಾವುದಾಗಿರಬೇಕು, ಅದಕ್ಕೂ ಮುಂಚೆ ಯಾವುದು ಎಂದು ಕೊನೆಯಿಂದ ಎಣಿಸಿಕೊಂಡು ಬರುವುದು ವಾಡಿಕೆ. ಬೇರೆ ಚೆಂಡಿಗೆ ಅಂಟಿಕೊಂಡು ಕೂತ ತುಂಟ ಚೆಂಡುಗಳನ್ನು ಕೊನೆಗೆಂದು ಮುಂದೂಡದೆ ಮೊದಲೇ ಬಿಡಿಸಿಕೊಳ್ಳುತ್ತಾರೆ. ಮೇಜಿನ ಮೇಲೆ ಚೆಂಡುಗಳು ಹೆಚ್ಚಿರುವಾಗ ಆ ಕೆಲಸ ಕೈಕೊಟ್ಟರೂ ಹೊಡೆಯಲು ಬೇರೊಂದು ಸಿಕ್ಕುತ್ತದೆ.

ಇಷ್ಟೆಲ್ಲ ಯೋಚಿಸಿದರೆ ಆಟ ಆಮೆಯಾಗುವುದಿಲ್ಲವೇ? ಆಗಬೇಕಿಲ್ಲ. ಸ್ನೂಕರಿನಲ್ಲಿ 15 ಕೆಂಪಿಗೂ 15 ಸಲ ಕಪ್ಪು, ಕೊನೆಗೆ ಆರು ಬಣ್ಣಗಳು, ಒಟ್ಟು 36 ಹೊಡೆತಗಳಿಗೆ 147 ಅಂಕ. ಕಲ್ಲಟ್ಟಿಯ ತಿರುವುಗಳೂ ಅಷ್ಟೇ ಎಂಬುದು ಕಾಕತಾಳೀಯ. 1997ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಇಂಗ್ಲೆಂಡಿನ ರಾನಿ ಒಸಲಿವನ್ ಈ 147 ಅಂಕಗಳನ್ನು ಗಳಿಸಿದ್ದು 5 ನಿಮಿಷ 20 ಸೆಕೆಂಡಿನಲ್ಲಿ ಎಂದು ಆಗ ದಾಖಲಾಯಿತು. ಬಳಿಕ ಮತ್ತೆ ಅಳೆದಾಗ ಅದು 5 ನಿಮಿಷ 8 ಸೆಕೆಂಡಿಗೆ ಇಳಿಯಿತು. ಹೊಡೆತಕ್ಕೆ ಒಂಬತ್ತು ಸೆಕೆಂಡೂ ಬೀಳಲಿಲ್ಲ. ಇದೇ ಒಸಲಿವನ್ 2005ರ ಕ್ವಾರ್ಟರ್ ಫೈನಲಿನಲ್ಲಿ ಪೀಟರ್ ಎಬ್ಡನ್‌ಗೆ ಸೋತರು. ಆ ಪಂದ್ಯದಲ್ಲಿ ಎಬ್ಡನ್ ಬರೀ 12 ಅಂಕ ಗಳಿಸಲು ಐದು ನಿಮಿಷಕ್ಕೂ ಹೆಚ್ಚು ಹೊತ್ತು ತೆಗೆದುಕೊಂಡಿದ್ದರು. ನೋಡುಗರು ಗೊಣಗಿದರು, ಗೆದ್ದವರು ಮಾತ್ರ ಎಬ್ಡನ್. ಪೂಲ್‌ನ ದೊಡ್ಡ ಪಂದ್ಯಗಳಲ್ಲಿ ಹೊಡೆತಕ್ಕೆ 30 ಸೆಕೆಂಡಿನ ಗಡುವು ಹಾಕುವುದು ಸಾಮಾನ್ಯ. ಸ್ನೂಕರಿನಲ್ಲಿ ಅಂಥ ಗಡಿಯಾರ ವಿರಳ. ಬೇಕೆಂದೇ ಹೊತ್ತು ಕಳೆಯುವವರಿಗೆ ರೆಫರಿ ಎಚ್ಚರಿಕೆ ಕೊಡಬಹುದು.

ವೇಗವಾಗಿ ಆಡುವವರು ಕಡಿಮೆ ಯೋಚಿಸುತ್ತಾರೆ ಎಂದಲ್ಲ, ನಿಂತಿದ್ದಾಗಲೇ ಯೋಚಿಸಿ ಮುಗಿಸಿರುತ್ತಾರೆ. ಮೇಜಿನ ಮೇಲೆ ಬಾಗಿದ ನಂತರ ಮನಸ್ಸು ಬದಲಾದರೆ ಮತ್ತೆ ಎದ್ದು ನಿಂತು ಮೊದಲಿನಿಂದ ಶುರು ಮಾಡಬೇಕೆಂದು ತರಬೇತುದಾರರು ಹೇಳಿಕೊಡುತ್ತಾರೆ. ಬಾಗಿದಲ್ಲೇ ಲೆಕ್ಕ ತಿದ್ದುವವನ ಕೈ ಅಲುಗುತ್ತದೆ. ಪರೀಕ್ಷಾ ಕೊಠಡಿಯಲ್ಲಿ ಅರ್ಧ ಉತ್ತರ ಬರೆದು ಹೊಡೆದು ಹಾಕಿ ಬೇರೆ ಪ್ರಶ್ನೆಗೆ ಹಾರುವ ವಿದ್ಯಾರ್ಥಿಗೆ ಈ ಪಾಡು ಅಪರಿಚಿತವಲ್ಲ.

ಆದರೂ ನಮ್ಮ ಊರುಗಳಲ್ಲಿ ಸ್ನೂಕರ್ ಪಾರ್ಲರ್ ಎಂದರೆ ತಂದೆತಾಯಿಯರ ಮುಖ ಸಿಂಡರಿಸುತ್ತದೆ. ಕ್ಲಾಸಿಗೆ ಚಕ್ಕರ್ ಹೊಡೆದವರ ಠಾಣ್ಯ, ಸಿಗರೇಟಿನ ಹೊಗೆ, ಗಂಟೆಯ ಲೆಕ್ಕದಲ್ಲಿ ಕರಗುವ ಪಾಕೆಟ್ ಮನಿ. ಈ ಭಯವನ್ನು ಪೂರ್ತಿ ಸುಳ್ಳೆನ್ನಲಾಗದು, ಅಂಥ ಜಾಗಗಳೂ ಇವೆ. ಇನ್ನೊಂದು ಬದಿಗೆ ಬೆಂಗಳೂರಿನ ಪಂಕಜ್ ಅಡ್ವಾಣಿಯವರ ಉದಾಹರಣೆಯಿದೆ. 1985ರಲ್ಲಿ ಪುಣೆಯಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಬೆಂಗಳೂರಿಗೆ ಬಂದ ಹುಡುಗ ಅಣ್ಣನ ಹಿಂದೆ ಪಾರ್ಲರಿಗೆ ಹೋಗಿ ಹತ್ತನೆಯ ವಯಸ್ಸಿನಲ್ಲಿ ಕ್ಯೂ ಹಿಡಿದರು. ಮಾಜಿ ರಾಷ್ಟ್ರೀಯ ಚಾಂಪಿಯನ್ ಅರವಿಂದ ಸವೂರ್ ಅವರ ಗುರುಗಳಾದರು. 2003ರಲ್ಲಿ, ಹದಿನೆಂಟನೆಯ ವಯಸ್ಸಿಗೆ, ಚೀನಾದಲ್ಲಿ ವಿಶ್ವ ಹವ್ಯಾಸಿ ಸ್ನೂಕರ್ ಪ್ರಶಸ್ತಿ ಗೆದ್ದರು. ಕಾಲೇಜನ್ನೂ ಬಿಡದೆ ವಾಣಿಜ್ಯ ಪದವಿ ಪಡೆದರು. ಬಿಲಿಯರ್ಡ್ಸ್, ಸ್ನೂಕರ್ ಎರಡೂ ಸೇರಿ 2024ರ ಹೊತ್ತಿಗೆ ಅವರ ವಿಶ್ವ ಪ್ರಶಸ್ತಿಗಳು 28. ಎರಡೂ ಆಟಗಳಲ್ಲಿ ಈ ಮಟ್ಟ ಮುಟ್ಟಿದವರು ತೀರ ಅಪರೂಪ.

ಮಕ್ಕಳೊಂದಿಗೆ ಊಟಿಗೆ ಹೋಗುವವರು ಕ್ಲಬ್ಬಿನ ಒಳಗೆ ಹೋಗಬಹುದೆಂದು ಎಣಿಸದಿರುವುದು ಒಳಿತು. ಅದು ಸದಸ್ಯರದು, ಪ್ರವೇಶ ಅವರ ಅತಿಥಿಗಳಿಗೆ ಮಾತ್ರ. ದಿಬ್ಬದ ಕೆಳಗಿನ ಸೇಂಟ್ ಸ್ಟೀಫನ್ಸ್ ಚರ್ಚಿನ ಬಾಗಿಲು ಸಂದರ್ಶಕರಿಗೆ ತೆರೆದಿರುತ್ತದೆ. ಅದರ ತೊಲೆಗಳು ಶ್ರೀರಂಗಪಟ್ಟಣದಲ್ಲಿದ್ದ ಟಿಪ್ಪುವಿನ ಅರಮನೆಯಿಂದ ಬಂದ ತೇಗದವು ಎನ್ನುತ್ತಾರೆ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನಗಳಿಗೆ ಮುಚ್ಚಿರುವುದರಿಂದ, ಮೈಸೂರಿಗೆ ಮರಳುವವರು ಊಟಿಯನ್ನು ಮಧ್ಯಾಹ್ನವೇ ಬಿಡಬೇಕು.