ಮುಂದಿನ ತಿಂಗಳ ಬರ್ರಿ

ನಮ್ಮ ಶಾಲೆಯ ಹಾಜರಿ ಪುಸ್ತಕ ಓದಿದರೆ ಅರ್ಧ ಪೇಟೆ ಸುತ್ತಿ ಬಂದಂತೆ. ಬಾಗವಾನ ಎಂದರೆ ಹಣ್ಣಿನವರು, ಅತ್ತಾರ ಎಂದರೆ ಸುಗಂಧದವರು, ತಾಂಬೋಳಿ ಎಂದರೆ ಎಲೆ ಮಾರುವವರು, ಮಣಿಯಾರ ಎಂದರೆ ಬಳೆಯವರು. ನಾನು ಹುಟ್ಟಿದ್ದು ಇಂಡಿಯಲ್ಲಿ, ನೌಕರಿಗೆ ಸೇರಿದ್ದು ಸಿಂದಗಿಯಲ್ಲಿ, ಆಮೇಲೆ ಮುದ್ದೇಬಿಹಾಳ, ಈಗ ಬಸವನ ಬಾಗೇವಾಡಿ. ನಾಲ್ಕೂ ಊರುಗಳಲ್ಲಿ ಈ ಹೆಸರುಗಳನ್ನು ಕೂಗಿ ಕೂಗಿಯೇ ನನ್ನ ತಲೆ ಬೆಳ್ಳಗಾಯಿತು. ಈ ಮಕ್ಕಳ ಮನೆಯ ಹಿರಿಯರಿಂದಲೇ ಹಣ್ಣು ಕೊಂಡಿದ್ದೇನೆ, ಕುಬಸ ಹೊಲಿಸಿದ್ದೇನೆ, ಬಳೆ ಇಡಿಸಿಕೊಂಡಿದ್ದೇನೆ.

ಬಾಗೇವಾಡಿಯಲ್ಲಿ ನಮ್ಮ ಓಣಿಗೆ ಬರುವ ಬಳೆಗಾರ ಚಾಚಾನ ಕೈ ನೀವು ನೋಡಬೇಕು. ಬೆರಳುಗಳನ್ನು ಮೆತ್ತಗೆ ಒತ್ತಿ, ಮಾತಾಡಿಸುತ್ತಲೇ ಡಜನ್ ಬಳೆ ಏರಿಸಿಬಿಡುತ್ತಾನೆ. ಏರಿಸುವಾಗ ಒಡೆದದ್ದಕ್ಕೆ ರೊಕ್ಕ ತೆಗೆದುಕೊಳ್ಳುವುದಿಲ್ಲ. ಹಬ್ಬಗಳನ್ನು ನಾವು ನಮ್ಮದು, ಅವರದು ಎಂದು ಎರಡು ಮಾಡಿ ಹೇಳುತ್ತೇವೆ. ಅವನ ಲೆಕ್ಕದ ವಹಿಯಲ್ಲಿ ಅವು ಒಂದೇ. ಯುಗಾದಿ, ಬಸವ ಜಯಂತಿ, ಮದುವೆ, ಜಾತ್ರೆಗಳಿಗೆ ನಮ್ಮ ಕೈಗಳು. ರಂಜಾನಿನ ಕೊನೆಗೆ ಚಂದ್ರ ಕಂಡ ರಾತ್ರಿ, ಅಂದರೆ ಚಾಂದರಾತಿಗೆ, ಅವರ ಹೆಣ್ಣುಮಕ್ಕಳ ಕೈಗಳು. ಚಂದ್ರನ ಲೆಕ್ಕದ ರಂಜಾನ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತ, 2020ರಲ್ಲಿ ನಮ್ಮ ಮದುವೆಯ ಹಂಗಾಮಿಗೇ ಬಂದು ಕೂಡಿತ್ತು. ಎರಡು ಸುಗ್ಗಿ ಒಟ್ಟಿಗೆ ಬಂತೆಂದು ಚಾಚಾ ಸಾಲ ಮಾಡಿ ಮಾಲು ತುಂಬಿದ್ದ.

ದೇಶದ ಮೊದಲ ಕೊರೋನಾ ಸಾವು ಆ ಮಾರ್ಚಿಯಲ್ಲಿ ನಮ್ಮ ನೆರೆಯ ಕಲಬುರಗಿಯಲ್ಲೇ ಆಯಿತು. ಮಾರ್ಚ್ 25, ಯುಗಾದಿಯ ದಿನವೇ, ಲಾಕ್‌ಡೌನ್ ಶುರುವಾಯಿತು. ಏಪ್ರಿಲ್ 25ಕ್ಕೆ ಮೊದಲ ರೋಜಾ, ಮರುದಿನ ಬಸವ ಜಯಂತಿ. ಬಸವಣ್ಣನವರು ಹುಟ್ಟಿದ ಊರಿನಲ್ಲೇ ಜಯಂತಿಯ ದಿನ ರಸ್ತೆ ಬಿಕೋ ಎನ್ನುತ್ತಿತ್ತು. ಮಸೀದಿಯ ನಮಾಜು ಮನೆಯೊಳಗೆ ಬಂತು. ಕಿರಾಣಿ, ಹಾಲು, ಔಷಧ ಅವಶ್ಯಕ ಎನಿಸಿದವು. ಬಳೆ, ಬಟ್ಟೆ ಆ ಪಟ್ಟಿಯಲ್ಲಿರಲಿಲ್ಲ. ಈ ಸಲ ಹೊಸ ಬಟ್ಟೆ ಬೇಡ, ಆ ರೊಕ್ಕ ಬಡವರಿಗೆ ಕೊಡಿ ಎಂದು ಹಲವು ಊರುಗಳ ಮುಸ್ಲಿಂ ಹಿರಿಯರೂ ಹೇಳಿದರು. ಮುದ್ದೇಬಿಹಾಳದ ನನ್ನ ಗೆಳತಿ ಫೋನಿನಲ್ಲಿ, ನಮ್ಮ ಹಳೆಯ ದರ್ಜಿ ರಂಜಾನಿನ ಶರ್ಟು ಬಿಟ್ಟು ಮಾಸ್ಕ್ ಹೊಲಿಯುತ್ತಿದ್ದಾನೆಂದು ಹೇಳಿದಳು. ಬಳೆಗಾರ ಏನು ಮಾಡಬೇಕು? ಕೈ ಮುಟ್ಟದೆ ಬಳೆ ಇಡಿಸಲು ಬರುವುದಿಲ್ಲ.

ನಿರ್ಬಂಧ ಎಲ್ಲರಿಗೂ ಇತ್ತು, ಬೇಕಾಗಿಯೂ ಇತ್ತು. ಆದರೆ ಇನ್ನೊಂದು ನಿರ್ಬಂಧವನ್ನು ಯಾವ ಸರಕಾರವೂ ಹೇರಿರಲಿಲ್ಲ, ಅದು ಮೊಬೈಲಿನಲ್ಲಿ ಬಂತು. ಮುಸ್ಲಿಂ ವ್ಯಾಪಾರಿಗಳು ಬೇಕೆಂದೇ ರೋಗ ಹಚ್ಚುತ್ತಾರೆಂಬ ಸುಳ್ಳು ವಿಡಿಯೋಗಳು. ನಾನು ಬಿಎ ಬಿಇಡಿ ಓದಿದವಳು, ನಂಬಲಿಲ್ಲ ಎಂದುಕೊಂಡಿದ್ದೆ.

ಮೇ ನಡುವೆ ಕಟ್ಟು ಸ್ವಲ್ಪ ಸಡಿಲಾದಾಗ ಚಾಚಾ ಹೆಗಲಿಗೆ ಚೀಲ ಹಾಕಿಕೊಂಡು ಬಂದ. ಬಾಯಿಗೆ ವಸ್ತ್ರ ಕಟ್ಟಿ ಗೇಟಿನ ಆಚೆಯೇ ನಿಂತ.

"ಅಕ್ಕೋರ, ಹಸರ ಬಳಿ ತಂದೀನ್ರಿ. ರೊಕ್ಕ ಆಮ್ಯಾಲ ಕೊಡ್ರಿ."

ನಾನು ಕಿಟಕಿಯಿಂದಲೇ ಹೇಳಿದೆ: "ಈಗ ಬ್ಯಾಡ ಚಾಚಾ, ಮುಂದಿನ ತಿಂಗಳ ಬರ್ರಿ."

ಅವನು "ಆತ್ರಿ" ಎಂದು ಹೋದ. ಅದೇ ಮುಂಜಾನೆ ಕಾಯಿಪಲ್ಲೆಯವಳಿಂದ ಬದನೆಕಾಯಿ ಕೊಂಡಿದ್ದೆ. ಅವಳ ಕೈಯಿಂದ ಚಿಲ್ಲರೆಯನ್ನೂ ಇಸಿದುಕೊಂಡಿದ್ದೆ. ಇದು ನನಗೆ ಹೊಳೆದದ್ದು ಮಧ್ಯಾಹ್ನ, ಬದನೆಕಾಯಿ ಹೆಚ್ಚುವಾಗ. ಮುಂದಿನ ತಿಂಗಳು ಬಂದು ಅವನು ಏನು ಮಾರಬೇಕಿತ್ತು? ಚಾಂದರಾತ ಬಂದದ್ದು ಮೇ 24ರ ರವಿವಾರ. ಅಂದು ರಾಜ್ಯದಲ್ಲೆಲ್ಲ ಪೂರ್ಣ ಕರ್ಫ್ಯೂ. ವರ್ಷದ ದೊಡ್ಡ ವ್ಯಾಪಾರದ ರಾತ್ರಿ, ಒಂದು ಬಳೆಯೂ ಮಾರದೆ ಕಳೆದುಹೋಯಿತು.

2021ರಲ್ಲಿ ಮತ್ತೆ ಅದೇ ಕಥೆ. ರೋಜಾ ಅರ್ಧ ಆಗುವಷ್ಟರಲ್ಲಿ ಅಂಗಡಿಗಳು ಮುಚ್ಚಿದವು. ಮುಂಜಾನೆ 6ರಿಂದ 10ರವರೆಗೆ ಅವಶ್ಯಕ ಮಾಲಿಗಷ್ಟೇ ಅವಕಾಶ. ಆ ವರ್ಷ ಬಸವ ಜಯಂತಿ, ರಂಜಾನ್ ಎರಡೂ ಮೇ 14ಕ್ಕೇ ಬಿದ್ದಿದ್ದವು. ಹಿಂದಿನ ಮುಂಜಾನೆ ಚಾಚಾ ಕೈಗಾಡಿಯಲ್ಲಿ ಮೆಂತ್ಯೆ, ಪಾಲಕ ತಂದಿದ್ದ. ಬಳೆ ಮಾರಿದ ಗಂಟಲಿನಿಂದ ಪಲ್ಲೆ ಕೂಗುತ್ತಿದ್ದ. ನಾನು ಗೇಟಿಗೆ ಹೋಗಿ ಪಲ್ಲೆ ಕೊಂಡು, "ಬಳಿ ಇಲ್ಲೇನ್ರಿ ಚಾಚಾ?" ಎಂದೆ. ಗಾಡಿಯ ತಳದಿಂದ ಒಂದು ಡಜನ್ ತೆಗೆದ. ಕೈ ಚಾಚಿದೆ. ಅವನು ಬಳೆಗಳನ್ನು ಕಟ್ಟೆಯ ಮೇಲಿಟ್ಟು ಹಿಂದೆ ಸರಿದ.

"ನೀವ ಇಟ್ಕೋರಿ ಅಕ್ಕೋರ. ಯಾರರೆ ನೋಡಿದರ ನಿಮಗ ತ್ರಾಸ."

ಆ ಬಳೆಗಳಲ್ಲಿ ಮೂರು ನನ್ನ ಕೈಯಲ್ಲೇ ಒಡೆದವು.

ಮೇ 19ಕ್ಕೆ ರಾಜ್ಯ ಸರಕಾರ ದರ್ಜಿಗಳಿಗೆ, ಬೀದಿ ವ್ಯಾಪಾರಿಗಳಿಗೆ 2,000 ರೂಪಾಯಿ ನೆರವು ಘೋಷಿಸಿತು. ಹಬ್ಬ ಮುಗಿದು ಐದು ದಿನವಾಗಿತ್ತು. ಕೇಂದ್ರದ ಸ್ವನಿಧಿಯ 10,000 ರೂಪಾಯಿ ಹಿಂದಿನ ವರ್ಷವೇ ಬಂದಿದ್ದರೂ ಅದೂ ಸಾಲವೇ. ಹಳೆಯ ಸಾಲ ತೀರದವನು ಹೊಸದಕ್ಕೆ ಹೆದರುತ್ತಾನೆ. ಮನೆಯಲ್ಲಿ ಉಳಿದ ಬಳೆ ಕೆಡುವುದಿಲ್ಲ ನಿಜ, ಆದರೆ ಹೋದ ವರ್ಷದ ನಮೂನೆಯನ್ನು ಯಾವ ಹುಡುಗಿ ಕೇಳುತ್ತಾಳೆ?

2022ರಲ್ಲಿ ರೋಗದ ನಿರ್ಬಂಧ ಹೋಗಿತ್ತು. ಆದರೆ ಆ ವರ್ಷ ರಾಜ್ಯದ ಕೆಲವು ಜಾತ್ರೆಗಳಲ್ಲಿ ಮುಸ್ಲಿಮರಿಗೆ ಅಂಗಡಿ ಹಾಕಲು ಬಿಡಬಾರದೆಂಬ ಕೂಗು ಎದ್ದಿತು. ಪೇಪರಿನಲ್ಲಿ ಓದಿ ಸಿಟ್ಟು ಬಂತು. ಸಿಟ್ಟಿನ ಬೆನ್ನಿಗೇ ನನ್ನ ಕಿಟಕಿಯೂ ನೆನಪಾಯಿತು. ಯಾರನ್ನೂ ಹೊರಗಿನವರೆಂದು ಎಣಿಸಬೇಡಿ ಎಂಬ ಬಸವಣ್ಣನವರ ಮಾತನ್ನು ವರ್ಷವರ್ಷವೂ ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳು ನಾನು.

ಆ ವರ್ಷವೂ ಎರಡೂ ಹಬ್ಬ ಒಂದೇ ದಿನ, ಮೇ 3ಕ್ಕೆ ಬಂದವು. ಹಿಂದಿನ ದಿನ ಚಾಚಾನನ್ನು ಒಳಗೆ ಕರೆದು ಪಡಸಾಲೆಯಲ್ಲಿ ಕೂಡಿಸಿದೆ. ಎರಡು ವರ್ಷದ ಹಳೆಯ ಹಸಿರು ಬಳೆಗಳನ್ನೇ ಕೇಳಿದೆ. ಆ ದಿನದ ಮಾತನ್ನು ತೆಗೆದು "ತಪ್ಪಾತು ಚಾಚಾ" ಎಂದೆ. ಅವನು ತಲೆ ಎತ್ತಲಿಲ್ಲ. ನನ್ನ ಬೆರಳು ಒತ್ತುತ್ತ, "ಕೈ ಬಿಗಿ ಹಿಡೀಬ್ಯಾಡ್ರಿ ಅಕ್ಕೋರ, ಸಡಲ ಬಿಡ್ರಿ" ಎಂದ.

ಅಂದು ಹನ್ನೆರಡೂ ಬಳೆ ಒಡೆಯದೆ ಏರಿದವು.