ವಾಸನೆ ಹಿಡಿದು ಸೋರಿಕೆ ಹುಡುಕುತ್ತಿದ್ದವರು

ಓಝರ್‌ನ ವಿಮಾನ ಕಾರ್ಖಾನೆಗೆ ಬೆಂಗಳೂರಿನಿಂದ ವರ್ಗವಾಗಿ ಹೋದ ಕನ್ನಡದ ಮನೆಗಳಲ್ಲಿ ನಮ್ಮದೂ ಒಂದು. ನಾಸಿಕ್ ಬಿಟ್ಟು ಆಗ್ರಾ ರಸ್ತೆ ಹಿಡಿದರೆ ಸಿಗುವ ಊರು ಅದು. ಮಿಗ್-21 ಯುದ್ಧವಿಮಾನ ತಯಾರಿಸಲೆಂದು ಎಚ್‌ಎಎಲ್ 1964ರಲ್ಲಿ ಅಲ್ಲಿ ಘಟಕ ತೆರೆದಿತ್ತು. ಅಪ್ಪ ಕೊಂಡ ಮೊದಲ ಕಾರು ಸೆಕೆಂಡ್ ಹ್ಯಾಂಡ್ ಪ್ರೀಮಿಯರ್ ಪದ್ಮಿನಿ. ಮುಂಬೈನ ಕುರ್ಲಾದಲ್ಲಿ ತಯಾರಾಗುತ್ತಿದ್ದ 1089 ಸಿಸಿಯ ಗಾಡಿ. ಜನರ ಬಾಯಲ್ಲಿ ಅದು ಕೊನೆಯವರೆಗೂ ಫಿಯೆಟ್ಟೇ. ಊರಿನಿಂದ ನೆಂಟರು ಬಂದರೆ ಮೊದಲು ಪಂಚವಟಿ, ತ್ರ್ಯಂಬಕ. ಮಾರನೆಯ ದಿನ ಯೇವಲಾ, ವೈಜಾಪುರ ದಾಟಿ ಔರಂಗಾಬಾದು, ಅಲ್ಲಿಂದ ವೇರೂಳ, ಅಂದರೆ ಎಲ್ಲೋರ. ರಾಷ್ಟ್ರಕೂಟ ಒಂದನೇ ಕೃಷ್ಣನ ಕಾಲದ ಕೈಲಾಸ ದೇಗುಲದ ಮುಂದೆ ನಿಂತು, ಇದನ್ನು ಕಡೆಸಿದವರು ನಮ್ಮವರು ಎಂದು ಹೇಳುವಾಗ ಅಪ್ಪನ ದನಿ ಏರುತ್ತಿತ್ತು. ಔರಂಗಾಬಾದಿಗೆ 2023ರಿಂದ ಛತ್ರಪತಿ ಸಂಭಾಜಿನಗರ ಎಂಬ ಹೆಸರು.

ಆ ದಾರಿಯಲ್ಲಿ ಬೇಸಗೆಯ ಬಿಸಿಲಿಗೆ ರಬ್ಬರ್ ಪೈಪುಗಳು ಬೇಗ ಒಣಗಿ ಬಿರುಕು ಬಿಡುತ್ತಿದ್ದವು. ಕಾರಿನೊಳಗೆ ಪೆಟ್ರೋಲ್ ವಾಸನೆ ಬಂತೆಂದರೆ ಅಮ್ಮ ಮೊದಲು ಕಿಟಕಿ ಇಳಿಸುತ್ತಿದ್ದಳು, ಅಪ್ಪ ಗಾಡಿಯನ್ನು ಮರದ ಕೆಳಗೆ ನಿಲ್ಲಿಸುತ್ತಿದ್ದರು. ವಿಮಾನದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದವರೇ ಆದರೂ ಈ ಕೆಲಸಕ್ಕೆ ಅವರು ಹುಡುಕಿಕೊಂಡು ಹೋಗುತ್ತಿದ್ದದ್ದು ಔರಂಗಾಬಾದಿನ ಒಬ್ಬ ಉಸ್ತಾದರನ್ನು. ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ, ಗೋಡೆಯ ಮೊಳೆಗಳಲ್ಲಿ ಅಳತೆಯ ಪ್ರಕಾರ ತೂಗುಹಾಕಿದ ಪಾನಾಗಳು. ಅವರ ಉರ್ದು ಬೀದರ್, ಕಲಬುರಗಿ ಕಡೆಯವರದ್ದೇ. 1948ರವರೆಗೆ ಇವೆಲ್ಲ ನಿಜಾಮನ ಒಂದೇ ರಾಜ್ಯದ ಊರುಗಳಲ್ಲವೆ. ಕಲಬುರಗಿಯಿಂದ ಬಂದಿದ್ದ ನಮ್ಮ ಸೋದರಮಾವ ಅವರೊಂದಿಗೆ ಹಳೇ ಪರಿಚಯದವರ ಹಾಗೆ ಹರಟುತ್ತ ಕೂತುಬಿಡುತ್ತಿದ್ದ.

ಉಸ್ತಾದರು ಬಾನೆಟ್ ಎತ್ತುವ ಮೊದಲು ಪ್ರಶ್ನೆ ಕೇಳುತ್ತಿದ್ದರು. ‘ಸಾಬ್, ಗಾಡಿ ನಿಂತಾಗ ವಾಸನೆಯೋ, ಓಡುವಾಗಲೋ? ಟ್ಯಾಂಕ್ ತುಂಬಿಸಿದ ದಿನ ಜಾಸ್ತಿಯೋ? ಘಾಟ್ ಹತ್ತುವಾಗ ಎಳೆಯುತ್ತದೋ, ಜಗ್ಗುತ್ತದೋ?’ ಅರ್ಧ ಪತ್ತೆ ಅಲ್ಲೇ ಮುಗಿಯುತ್ತಿತ್ತು. ಎಂಜಿನ್ ಓಡುವಾಗ ಮಾತ್ರ ವಾಸನೆ ಎಂದರೆ ದೋಷ ಪಂಪಿಗೂ ಕಾರ್ಬ್ಯುರೇಟರಿಗೂ ನಡುವೆ. ಪೆಟ್ರೋಲನ್ನು ಒತ್ತಡದಿಂದ ತಳ್ಳುವ ಭಾಗ ಅದು. ಟ್ಯಾಂಕಿನಿಂದ ಪಂಪಿನವರೆಗಿನ ದಾರಿಯದ್ದು ಬೇರೆ ಕಥೆ. ಅಲ್ಲಿ ಪಂಪ್ ಹೀರಿಕೊಳ್ಳುತ್ತದೆ. ಹೀಗಾಗಿ ಪೈಪು ಬಿರಿದಿದ್ದರೂ ಓಡುವಾಗ ಒಂದು ಹನಿಯೂ ಬೀಳದೆ ಇರಬಹುದು. ಬಿರುಕಿನಿಂದ ಗಾಳಿ ಒಳಗೆ ಹೋಗಿ ಗಾಡಿ ಏರಿನಲ್ಲಿ ಜಗ್ಗುತ್ತದೆ, ನಿಲ್ಲಿಸಿದ ಮೇಲೆ ಹನಿ ಕಾಣಿಸುತ್ತದೆ. ಹನಿಯನ್ನೇ ಹುಡುಕಿ ಹೊರಟವನಿಗೆ ಇದು ಸಿಕ್ಕುವುದಿಲ್ಲ. ಟ್ಯಾಂಕ್ ತುಂಬಿದಾಗಷ್ಟೇ ವಾಸನೆ ಬಂದರೆ ಪೆಟ್ರೋಲ್ ಹಾಕುವ ಕೊರಳಿನ ರಬ್ಬರ್ ನೋಡಬೇಕು, ಇಲ್ಲವೇ ಗೇಜಿನ ಪ್ಯಾಕಿಂಗ್.

ಆಮೇಲೆ ಅವರು ಬ್ಯಾಟರಿಯ ತಂತಿ ಬಿಚ್ಚಿ, ಬೀಡಿ ಸೇದುವವರನ್ನು ಬೀದಿಯ ಆಚೆ ಬದಿಗೆ ಕಳಿಸುತ್ತಿದ್ದರು. ಮರಳಿನ ಬಕೆಟ್ ಪಕ್ಕದಲ್ಲೇ ಇರುತ್ತಿತ್ತು. ಕಾರಿನ ಕೆಳಗೆ ಹಳೆಯ ಪೇಪರ್ ಹಾಸಿ ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದರು. ಎಂಜಿನ್ ಆಯಿಲ್ ಬಿದ್ದರೆ ಕಲೆ ಉಳಿಯುತ್ತದೆ, ಪೆಟ್ರೋಲ್ ಬಿದ್ದರೆ ನೋಡನೋಡುತ್ತಿದ್ದಂತೆ ಆರಿಹೋಗುತ್ತದೆ. ಆರಿದ ಪೆಟ್ರೋಲ್ ಪೈಪಿನ ಮೇಲೆ, ಕಾರ್ಬ್ಯುರೇಟರಿನ ಮೈಮೇಲೆ ಕಂದು ಗುರುತು ಬಿಟ್ಟಿರುತ್ತದೆ. ಆ ಗುರುತು ಹಿಡಿದು ಮೇಲಕ್ಕೆ ಹೋಗಬೇಕು, ಯಾಕೆಂದರೆ ಹನಿ ಬೀಳುವ ಜಾಗ ಒಂದು, ಸೋರುವ ಜಾಗ ಇನ್ನೊಂದು. ಅನುಮಾನ ಬಂದ ಕಡೆ ಒರೆಸಿ ಒಣಗಿಸಿ ಸೀಮೆಸುಣ್ಣದ ಪುಡಿ ಉದುರಿಸುತ್ತಿದ್ದರು. ಕಣ್ಣಿಗೆ ಕಾಣದ ಒಸರು ಪುಡಿಯಲ್ಲಿ ಗೆರೆಯಾಗಿ ಮೂಡುತ್ತಿತ್ತು.

ಪಂಪ್ ಆಗ ಎಂಜಿನ್ನಿನ ಪಕ್ಕಕ್ಕೆ ಕೂತು ಕ್ಯಾಮ್‌ಶಾಫ್ಟಿನ ತಳ್ಳಿಗೆ ಕೆಲಸ ಮಾಡುವಂಥದ್ದು. ಒಳಗೊಂದು ತೆಳು ಡಯಾಫ್ರಮ್, ತಳದಲ್ಲಿ ಸಣ್ಣ ತೂತು. ಡಯಾಫ್ರಮ್ ಹರಿದರೆ ಪೆಟ್ರೋಲ್ ಆ ತೂತಿನಿಂದ ಹೊರಬರುತ್ತದೆ. ಆ ತೂತು ಕೊಳೆ ಕಟ್ಟಿ ಮುಚ್ಚಿದ್ದರೆ ಇನ್ನೂ ಅಪಾಯ: ಪೆಟ್ರೋಲ್ ಒಳಗಿನಿಂದಲೇ ಎಂಜಿನ್ ಆಯಿಲಿಗೆ ಸೇರುತ್ತದೆ. ಅದಕ್ಕೇ ಉಸ್ತಾದರು ಡಿಪ್‌ಸ್ಟಿಕ್ ಎಳೆದು ಮೂಸಿ, ಆಯಿಲನ್ನು ಎರಡು ಬೆರಳ ನಡುವೆ ಉಜ್ಜಿ ನೋಡುತ್ತಿದ್ದರು. ಆಯಿಲ್ ತೆಳುವಾಗಿ, ಮಟ್ಟ ಏರಿದ್ದರೆ ಗಾಡಿ ಅಲ್ಲಿಂದ ಕದಲುವಂತಿಲ್ಲ. ರಿಪೇರಿ ಕಿಟ್ ತಂದು ಡಯಾಫ್ರಮ್ ಬದಲಿಸುವಾಗ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಿದ್ದರು. ಒಂದೇ ಕಡೆಯಿಂದ ಬಿಗಿದರೆ ಪದರ ಸುಕ್ಕುಗಟ್ಟಿ ಮತ್ತೆ ಹರಿಯುತ್ತದೆ. ಹೆಲ್ಪರ್ ಹುಡುಗನಿಗೆ ಇದನ್ನು ಬಾಯಲ್ಲಿ ಹೇಳಿಕೊಟ್ಟಿದ್ದನ್ನು ನಾನು ಕಂಡಿಲ್ಲ. ಅವನ ಕೈಯ ಮೇಲೆ ತಮ್ಮ ಕೈ ಇಟ್ಟು ತಿರುಗಿಸುತ್ತಿದ್ದರು.

ಕಾರ್ಬ್ಯುರೇಟರ್ ತುಂಬಿ ಹರಿಯುತ್ತಿದ್ದರೆ ಅವರು ನೀಡಲ್ ವಾಲ್ವ್ ನೋಡುತ್ತಿದ್ದರು, ಆಮೇಲೆ ಹಿತ್ತಾಳೆಯ ಫ್ಲೋಟ್. ತೆಂಗಿನಕಾಯಿ ಕೊಳ್ಳುವವರು ನೋಡುವಂತೆ ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಪೆಟ್ರೋಲ್ ಸೇರಿದೆಯೋ ಇಲ್ಲವೋ ಗೊತ್ತಾಗುತ್ತದೆ. ಸೇರಿದ್ದರೆ ಚಹಾಕ್ಕೆ ಕಾಯಿಸಿದ ನೀರಿನಲ್ಲಿ ಮುಳುಗಿಸಿದಾಗ ತೂತಿನ ಜಾಗದಿಂದ ಗುಳ್ಳೆ ಏಳುತ್ತದೆ. ಒಳಗಿನದ್ದನ್ನು ಪೂರ್ತಿ ಆರಿಸಿದ ಮೇಲೆ ಬೆಸುಗೆ, ಅದೂ ಕಡಿಮೆ. ಬೆಸುಗೆ ಹೆಚ್ಚಾದರೆ ಫ್ಲೋಟ್ ಭಾರವಾಗಿ ಪೆಟ್ರೋಲಿನ ಮಟ್ಟ ಮೇಲೇರುತ್ತದೆ. ಟ್ಯಾಂಕಿನ ಸಣ್ಣ ತೂತಿಗೆ ಬಟ್ಟೆ ಸೋಪು ಉಜ್ಜಿ ಊರು ಮುಟ್ಟಿದವರು ಆ ಕಾಲದಲ್ಲಿ ಬಹಳ. ಸೋಪು ಪೆಟ್ರೋಲಿನಲ್ಲಿ ಕರಗುವುದಿಲ್ಲ. ಆದರೆ ಟ್ಯಾಂಕಿಗೆ ಬೆಸುಗೆ ಹಾಕುವಾಗ ಉಸ್ತಾದರು ತೋರುತ್ತಿದ್ದ ಭಯಭಕ್ತಿಯನ್ನು ನಾನು ಇವತ್ತಿಗೂ ಗೌರವಿಸುತ್ತೇನೆ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಹೆಚ್ಚು ಅಪಾಯದ್ದು, ಒಳಗೆ ಉಳಿಯುವುದು ಆವಿ. ಮತ್ತೆ ಮತ್ತೆ ತೊಳೆದು, ನೀರು ತುಂಬಿಸಿ, ಬೆಸುಗೆಗೆ ಬೇಕಾದಷ್ಟೇ ಜಾಗ ಮೇಲೆ ಬಿಟ್ಟು ಅವರು ಕೈಹಾಕುತ್ತಿದ್ದರು.

ಇವೆಲ್ಲ ಈಗ ಹೋಗುತ್ತಿವೆ. ಮಾರುತಿ 800 ಕೂಡ 2000ದ ಹೊತ್ತಿಗೆ ಕಾರ್ಬ್ಯುರೇಟರ್ ಬಿಟ್ಟು ಇಂಜೆಕ್ಷನ್ನಿಗೆ ಬಂತು. ಮುಂಬೈ ರಸ್ತೆಗಳಲ್ಲಿ ಪದ್ಮಿನಿ ಟ್ಯಾಕ್ಸಿಗಳು ಇರುವವರೆಗೆ ಡಯಾಫ್ರಮ್, ನೀಡಲ್, ಪ್ಯಾಕಿಂಗ್ ಅಲ್ಲಿಂದ ಹರಿದು ಬರುತ್ತಿದ್ದವು. 2003ರ ಅಕ್ಟೋಬರ್‌ನಲ್ಲಿ ನೋಂದಣಿಯಾದ ಕೊನೆಯ ಪದ್ಮಿನಿ ಟ್ಯಾಕ್ಸಿಯ ಅವಧಿ 2023ರ ಅಕ್ಟೋಬರ್‌ನಲ್ಲಿ ಮುಗಿಯಿತು. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಕಾರಿನ ಮರುನೋಂದಣಿ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಮುಂಬೈ–ನಾಗಪುರ ನಡುವಿನ ಸಮೃದ್ಧಿ ಮಹಾಮಾರ್ಗ 2025ರ ಜೂನ್‌ನಲ್ಲಿ ಪೂರ್ತಿ ತೆರೆದ ಮೇಲೆ ವೈಜಾಪುರದ ಹಳೆಯ ರಸ್ತೆಯಲ್ಲಿ ಕೆಟ್ಟು ನಿಲ್ಲುವ ಕಾರುಗಳೂ ಕಡಿಮೆ. ಕಾರು ನಿಲ್ಲದಿದ್ದರೆ ರಸ್ತೆ ಬದಿಯ ಗ್ಯಾರೇಜು ಉಳಿಯುವುದು ಹೇಗೆ? ಉಸ್ತಾದರ ಜಾಗದಲ್ಲಿ ಈಗ ಮೊಬೈಲ್ ಅಂಗಡಿಯಿದೆ. ಹೆಲ್ಪರ್ ಹುಡುಗ ವಾಳೂಜದ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕೆ ಸೇರಿದ ಎಂದು ಕೇಳಿದೆ. ಸಂಬಳ ಚೆನ್ನಾಗಿದ್ದರೆ ಸಂತೋಷ.

ಹೊಸ ಕಾರಿಗೆ ಹಳೆಯ ಕೈಚಳಕ ಸಲ್ಲದು, ಅದನ್ನೂ ಹೇಳಬೇಕು. ಪದ್ಮಿನಿಯ ಪಂಪಿನಲ್ಲಿ ಒಂದು ಬಾರ್‌ನ ಕಾಲುಭಾಗದ ಆಸುಪಾಸು ಒತ್ತಡವಿದ್ದರೆ ಇಂಜೆಕ್ಷನ್ ಕಾರಿನ ಪೈಪಿನಲ್ಲಿ 3 ಬಾರ್ ಇರುತ್ತದೆ. ಅಲ್ಲಿ ಸೋಪಾಗಲಿ ತಂತಿ ಸುತ್ತುವುದಾಗಲಿ ನಡೆಯುವುದಿಲ್ಲ. ನನ್ನ ಸಂಕಟ ಅದಲ್ಲ. ಇನ್ನೂ ಓಡುತ್ತಿರುವ ಹಳೆಯ ಕಾರುಗಳಿಗೆ ಈಗಲೇ ಆ ಕೈಗಳು ಹೆಚ್ಚು ಬೇಕು. ಬಂಕುಗಳಿಗೆ ಬರುವ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗ ಎಥೆನಾಲ್ ಇದೆ. ಕಬ್ಬು, ಮೆಕ್ಕೆಜೋಳ ಬೆಳೆದ ರೈತನಿಗೆ ಅದರಿಂದ ನಾಲ್ಕು ಕಾಸು ಸಿಕ್ಕರೆ ಒಳ್ಳೆಯದೇ. ಆದರೆ ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಕಬ್ಬಿಣದ ಟ್ಯಾಂಕ್ ತುಕ್ಕು ಹಿಡಿಯುತ್ತದೆ, ಹಳೆಯ ರಬ್ಬರ್ ಊದಿ, ಮೆತ್ತಗಾಗಿ, ಬಿರಿಯುತ್ತದೆ. ಪದ್ಮಿನಿಯ ಕಾಲದ ರಬ್ಬರ್ ಇದಕ್ಕೆಂದು ಮಾಡಿದ್ದಲ್ಲ. ಸೋರಿಕೆ ಹೆಚ್ಚುವ ಹೊತ್ತಿಗೇ ಸೋರಿಕೆ ಪತ್ತೆ ಮಾಡುವವರು ಇಲ್ಲವಾಗುತ್ತಿದ್ದಾರೆ.

ನಿಮ್ಮ ಮನೆಯಲ್ಲಿ ಅಜ್ಜನದೋ ಅಪ್ಪನದೋ ಹಳೆಯ ಕಾರಿದ್ದರೆ, ಈ ವರ್ಷವೇ ಟ್ಯಾಂಕಿನಿಂದ ಕಾರ್ಬ್ಯುರೇಟರಿನವರೆಗಿನ ರಬ್ಬರ್ ಪೈಪುಗಳನ್ನೆಲ್ಲ ಬದಲಿಸಿ, ಎಥೆನಾಲ್ ತಡೆಯುವ ಪೈಪನ್ನೇ ಕೇಳಿ ಹಾಕಿಸಿ. ಪಂಪಿನ ಡಯಾಫ್ರಮ್ಮೂ ಹಾಗೆಯೇ. ಬೆಂಕಿ ಆರಿಸುವ ಸಣ್ಣ ಸಿಲಿಂಡರ್ ಕಾರಿನಲ್ಲಿ ಇರಲಿ. ನಾಸಿಕ್‌ನಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ, ಹಳೆಯ ಗಾಡಿ ಬಲ್ಲ ಮಿಸ್ತ್ರಿಯ ಹತ್ತಿರ ಹೋಗುವಾಗ ಕೀ ಕೊಟ್ಟು ಬಂದುಬಿಡಬೇಡಿ. ಮನೆಯ ಹುಡುಗನನ್ನೋ ಹುಡುಗಿಯನ್ನೋ ಜೊತೆಗೆ ಕರೆದುಕೊಂಡು ಹೋಗಿ, ಕೆಲಸ ಮುಗಿಯುವವರೆಗೆ ಪಕ್ಕದಲ್ಲಿ ನಿಲ್ಲಿಸಿ. ಕೇಳಿದರೆ ಅವರು ಹೇಳಿಕೊಡುತ್ತಾರೆ. ನನಗೆ ಗೊತ್ತಿರುವ ಅಂಥವರಲ್ಲಿ ಹೆಚ್ಚಿನವರಿಗೆ ಈಗ ಎಪ್ಪತ್ತು ದಾಟಿದೆ.