ಲಗ್ನ ಮುಗಿದ ಹೂವು

ರಾಣೆಬೆನ್ನೂರು ಕಡೆ ಹತ್ತಿಯ ಕ್ರಾಸಿಂಗ್ ಶುರುವಾಯಿತೆಂದರೆ ದಿನಕ್ಕೆ ಎರಡೇ ಹೊತ್ತು. ಮಧ್ಯಾಹ್ನ ಮೂರರ ಮೇಲೆ ಮೊಗ್ಗು ಸುಲಿಯುವುದು, ಮರುದಿನ ಬೆಳಿಗ್ಗೆ ಪುಡಿ ಮುಟ್ಟಿಸುವುದು. 1990ರ ದಶಕದ ಕೊನೆಗೆ ನಾನೂ ಒಂದು ಕಂಪನಿಗೆ ಎಕರೆ ಹೊಲದಲ್ಲಿ ಡಿಸಿಎಚ್-32 ಬೀಜ ಮಾಡಿಕೊಡಲು ಒಪ್ಪಿದ್ದೆ. 1972ರಲ್ಲಿ ಧಾರವಾಡದಿಂದ ಹೊರಬಂದ ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿಯ ತಂಗಿ ಇದು; ರೈತರ ಬಾಯಲ್ಲಿ ಜಯಲಕ್ಷ್ಮಿ. ಹೆಣ್ಣು ಸಾಲಿನದು ಬೆಣ್ಣೆ ಬಣ್ಣದ ಹೂವು. ಗಂಡಿನದು ಹಳದಿ, ಎಸಳ ಬುಡದಲ್ಲಿ ಕುಂಕುಮ ಇಟ್ಟಂತೆ ಕೆಂಪು ಬೊಟ್ಟು.

ನಾಳೆ ಅರಳುವ ಮೊಗ್ಗು ಬತ್ತಿಯ ಹಾಗೆ ಮೇಲೆ ಚಾಚಿಕೊಂಡಿರುತ್ತದೆ. ಅದರ ಬುಡಕ್ಕೆ ಹೆಬ್ಬೆರಳ ಉಗುರು ಕೊಟ್ಟು ತಿರುವಿದರೆ ಎಸಳಿನ ಜೊತೆ ಕೇಸರದ ಕೊಳವೆಯೂ ಅಂಗಿ ಕಳಚಿದಂತೆ ಬಂದುಬಿಡಬೇಕು. ನಡುವೆ ಶಲಾಕೆಯೊಂದೇ ನಿಲ್ಲಬೇಕು. ಉಗುರು ಆಳಕ್ಕಿಳಿದರೆ ಕಾಯಿಗೆ ಗಾಯ. ಮೇಲೆಯೇ ಉಳಿದರೆ ಒಂದೆರಡು ಪರಾಗಕೋಶ ಒಳಗೇ ಉಳಿಯುತ್ತವೆ, ಅಲ್ಲಿಗೆ ಕೆಲಸ ಕೆಟ್ಟಿತು. ಸುಲಿದದ್ದು ಬೆಳಿಗ್ಗೆ ಕಣ್ಣಿಗೆ ಬೀಳಲೆಂದು ಕೆಂಪು ಕಾಗದ ಹೊದಿಸುತ್ತಾರೆ. ಒಂದು ಗಂಡು ಹೂವಿನಿಂದ ನಾಲ್ಕೈದು ಹೆಣ್ಣಿಗೆ ಮುಟ್ಟಿಸಿ, ತೊಟ್ಟಿಗೆ ದಾರ ಕಟ್ಟುತ್ತಾರೆ. ದಾರವಿಲ್ಲದ ಕಾಯಿ ಕೊನೆಗೆ ಬೀಜಕ್ಕೆ ಲೆಕ್ಕವಿಲ್ಲ.

ನವರಾತ್ರಿಯ ಸುಮಾರಿಗೆ ಎರಡು ಸಂಜೆ ಮಳೆ ಬಿಡಲಿಲ್ಲ. ಮೊಗ್ಗು ಸುಲಿಯಲಾಗದೆ ಆಳುಗಳು ಮನೆಗೆ ಹೋದರು. ಮರುದಿನ ನೋಡಿದರೆ ಹೆಣ್ಣು ಸಾಲೆಲ್ಲ ಅರಳಿ ಬೆಳ್ಳಗೆ ನಿಂತಿತ್ತು. ಅವನ್ನೆಲ್ಲ ಕಿತ್ತೆಸೆಯುವುದು ನಿಯಮ. ನಾನು ಲೆಕ್ಕ ಹಾಕಿದೆ: ಕಾಯಿಗೆ 20–25 ಬೀಜ, ಗಿಡಕ್ಕೆ ಇಷ್ಟು ಹೂವು. ಕೀಳಲು ಮನಸ್ಸಾಗಲಿಲ್ಲ. ‘ಇವಕ್ಕೂ ಮುಟ್ಟಿಸಿ ದಾರ ಕಟ್ರಿ’ ಅಂದೆ.

ಆಳುಗಳಲ್ಲೊಬ್ಬ ಹಿರಿಯ ಹೆಂಗಸು ಬುಟ್ಟಿ ಕೆಳಗಿಟ್ಟು, ‘ಇವಕ್ಕ ಆಗ್ಲೇ ಲಗ್ನ ಆಗೇತ್ರಿ ಸಾವಕಾರ. ಈಗ ಹಚ್ಚಿದ್ರ ಏನ್ ಬಂತು?’ ಅಂದಳು.

ನನಗೆ ಪಿಯುಸಿ ಓದಿದ ಹಮ್ಮು. ಶಲಾಗ್ರದ ಮೇಲೆ ಎಷ್ಟು ಪರಾಗ ಬಿದ್ದರೂ, ಯಾವುದರ ನಳಿಕೆ ಮೊದಲು ಅಂಡಕಕ್ಕೆ ಇಳಿಯುತ್ತದೋ ಅದೇ ಗೆಲ್ಲುತ್ತದೆ; ನಮ್ಮ ಗಂಡೂ ಅರ್ಧಕ್ಕರ್ಧ ಗೆದ್ದೀತು ಎಂದುಕೊಂಡೆ. ಓದಿದ್ದು ತಪ್ಪಲ್ಲ. ಆದರೆ ಹತ್ತಿ ಹೂವು ಬಿರಿಯುವಾಗಲೇ ಅದರ ಪರಾಗಕೋಶಗಳೂ ಒಡೆಯುತ್ತವೆ, ಅಂಟಂಟಾದ ಆ ಪುಡಿ ಅಲ್ಲೇ ಮೆತ್ತಿಕೊಳ್ಳುತ್ತದೆ. ನಾವು ಹತ್ತು ಗಂಟೆಗೆ ಹೋದಾಗ ಓಟ ಶುರುವಾಗಿ ಎಷ್ಟೋ ಹೊತ್ತಾಗಿತ್ತು. ಇದು ಆಕೆಗೆ ಗೊತ್ತಿತ್ತು. ಕೂಲಿ ಕೊಡುವವನು ನಾನಾದ್ದರಿಂದ ದಾರ ಕಟ್ಟಿದಳು. ಎರಡು ಬೆಳಿಗ್ಗೆ ಹೀಗೇ ನಡೆಯಿತು.

ಹೂಗಳು ಮರುದಿನ ಎಂದಿನಂತೆ ಗುಲಾಬಿಗೆ ತಿರುಗಿ ಬಾಡಿದವು, ಕಾಯಿ ಕಟ್ಟಿತು, ಒಡೆಯಿತು. ಬಿಡಿಸಿದ ಹತ್ತಿಯಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಇರುವುದೂ ಇಲ್ಲ ಎಂದು ತಿಳಿದದ್ದು ಆಮೇಲೆ. ಬೀಜದ ಸಿಪ್ಪೆ ತಾಯಿಯದು. ಅರಳೆಯ ಒಂದೊಂದು ಎಳೆಯೂ ಆ ಸಿಪ್ಪೆಯಿಂದ ಉದ್ದ ಬೆಳೆದ ಒಂದೇ ಒಂದು ಕೋಶ, ಅದೂ ತಾಯಿಯದೇ. ನಳಿಕೆಯಲ್ಲಿ ಇಳಿದ ಎರಡು ಗಂಡುಕಣಗಳಲ್ಲಿ ಒಂದು ಅಂಡದೊಡನೆ ಕೂಡಿ ಭ್ರೂಣವಾಗುತ್ತದೆ, ಇನ್ನೊಂದರಿಂದ ಆ ಭ್ರೂಣದ ಬುತ್ತಿ ಹುಟ್ಟುತ್ತದೆ. ಅಪ್ಪನ ಗುರುತೆಲ್ಲ ಅಲ್ಲಿ, ಸಿಪ್ಪೆಯ ಒಳಗೆ. ನಾನು ಮೂಟೆ ಹೊಲಿಸಿ ಕಳಿಸಿದೆ, ಮುಂಗಡದಲ್ಲಿ ಮನೆಗೆ ಹೆಂಚನ್ನೂ ಹಾಕಿಸಿದೆ.

ಪೂರ್ತಿ ಹಣ ಸಿಗುವುದು ಬೀಜ ಬಿತ್ತಿ ನೋಡಿದ ಮೇಲೆ. ಹತ್ತಿ ಹೈಬ್ರಿಡ್ಡಿಗೆ ಶೇ 90ರಷ್ಟಾದರೂ ತಳಿ ಶುದ್ಧತೆ ಬೇಕು. ಹೂ ಬಂದ ಕಾಲಕ್ಕೆ ಕರೆಸಿದರು. ನನ್ನ ನಂಬರು ಬರೆದ ಫಲಕದ ಹಿಂದೆ ಹಳದಿ ಹೂವು, ಕೆಂಪು ಬೊಟ್ಟು. ಆ ಅಡ್ಡತಳಿಯ ನಡುವೆ ಬೊಟ್ಟಿಲ್ಲದ ಬೆಣ್ಣೆ ಬಣ್ಣದ ಹೂಗಳು. ಮೊದಲ ಸಾಲಿನಲ್ಲಿ ಎಣಿಸಿದೆ. ಎರಡನೆಯದರಲ್ಲೂ ಎಣಿಸಿದೆ. ಮೂರನೆಯ ಸಾಲಿಗೆ ಹೋಗಲಿಲ್ಲ. ಸರಿಯಾಗಿ ಸುಲಿದು ಮಾಡಿದ ಅಷ್ಟೂ ದಿನಗಳ ಬೀಜವೂ ಅದೇ ಮೂಟೆಗಳಲ್ಲಿ ಬೆರೆತಿತ್ತು. ಎಲ್ಲ ಎಣ್ಣೆ ಮಿಲ್ಲಿಗೆ ಹೋಯಿತು.

ಎರಡು ವರ್ಷ ಯಾರೂ ನನಗೆ ಪ್ಲಾಟು ಕೊಡಲಿಲ್ಲ. ಮೂರನೆಯ ವರ್ಷ ಬೇರೆಯವರಿಂದ ಅರ್ಧ ಎಕರೆ ಸಿಕ್ಕಿತು. ಆ ಹೆಂಗಸನ್ನು ಮನೆಗೇ ಹೋಗಿ ಕರೆದೆ. ಹಳೆಯದನ್ನು ಅವಳೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಒಂದು ಸಂಜೆ ಮಳೆ ಬಂತು. ಬೆಳಿಗ್ಗೆ ನಾನು ಹೊಲಕ್ಕೆ ಹೋಗುವಷ್ಟರಲ್ಲಿ ಅವಳು ಸಾಲಿನೊಳಗಿದ್ದಳು, ಅರಳಿದ್ದನ್ನೆಲ್ಲ ಕಿತ್ತು ಹಿಂದಕ್ಕೆ ಎಸೆಯುತ್ತ. ನಾನು ಪಕ್ಕದ ಸಾಲು ಹಿಡಿದೆ.